ಪದಚರ್ಚೆ: ಸರ್ಕಾರದ ‘ಪರ್ಫಾರ್ಮೆನ್ಸ್’ಗೆ ‘ಸಾಧನೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಸಂಸತ್ತಿನ ಸ್ಥಾಯಿ ಸಮಿತಿಗಳ (ಇಲಾಖೆಗಳ ಕೆಲಸವನ್ನು ಪರಿಶೀಲಿಸುವ ಸಂಸದರ ಗುಂಪುಗಳ) ಬಗ್ಗೆ ಕಾಲೇಜು ಮಕ್ಕಳಿಗೆಂದು ಒಂದು ಕಿರುಪುಸ್ತಿಕೆ ಬರೆಯುತ್ತಿದ್ದೇನೆ. 1993ರಲ್ಲಿ 17 ಇದ್ದ ಇಲಾಖಾವಾರು ಸಮಿತಿಗಳು 2004ರಲ್ಲಿ 24 ಆದವು. ವಸತಿ, ನ್ಯಾಯ, ಶಿಕ್ಷಣ ಬೇರೆ ಬೇರೆ ಸಮಿತಿಗಳ ಪಾಲು. ಇಲಾಖೆ ಅನುದಾನ ಕೇಳಿದಾಗ, ‘ಹೋದ ವರ್ಷ ಕೊಟ್ಟಿದ್ದರಲ್ಲಿ ಏನು ಮಾಡಿದಿರಿ?’ ಎಂದು ಸಮಿತಿಯವರು ಅಧಿಕಾರಿಗಳನ್ನು ಕೂರಿಸಿಕೊಂಡು ಕೇಳುತ್ತಾರೆ. ಆ ‘ಮಾಡಿದ್ದಕ್ಕೆ’ ಕನ್ನಡದ ಹೆಸರು ಯಾವುದು ಎಂಬಲ್ಲಿ ಸಿಕ್ಕಿಬಿದ್ದಿದ್ದೇನೆ.

ಕಚೇರಿ ಕನ್ನಡದಲ್ಲಿ ಸಿದ್ಧವಾಗಿರುವ ಪದ ‘ಸಾಧನೆ’. ನಮ್ಮ ರಾಜ್ಯದ ಇಲಾಖೆಗಳ ವಾರ್ಷಿಕ ವರದಿ ತೆರೆದರೆ ಕೋಷ್ಟಕದಲ್ಲಿ ‘ಗುರಿ’, ಪಕ್ಕದಲ್ಲೇ ‘ಸಾಧನೆ’. ವಸತಿ ಯೋಜನೆಯ ಮನೆಗೆ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಗಳಿವೆ. ನಮ್ಮೂರ ದಾರಿಯಲ್ಲಿ ಅಂಥ ಒಂದು ಮನೆ ಲಿಂಟಲ್‌ವರೆಗೆ ಬಂದು ನಿಂತಿದೆ. ಎರಡು ಮಳೆಗಾಲ ನೆನೆದು ಗೋಡೆಗೆ ಪಾಚಿ ಹಿಡಿದಿದೆ. ಅದನ್ನು ‘ಸಾಧನೆ’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಸಾಧಿಸಿದ್ದು ಎಂದರೆ ಗೆದ್ದದ್ದು ಎಂದೇ ನಮ್ಮ ಕಿವಿಗೆ ಕೇಳುತ್ತದೆ. ಸಮಿತಿ ಬಾಯಿ ತೆರೆಯುವ ಮೊದಲೇ ಪದ ತೀರ್ಪು ಕೊಟ್ಟಿರುತ್ತದೆ. ‘ಕಳಪೆ ಸಾಧನೆ’ ಪತ್ರಿಕೆಗಳಲ್ಲಿ ಕಾಣುತ್ತದೆ ನಿಜ, ಆದರೆ ಅಲ್ಲಿ ಎರಡು ಪದಗಳೂ ಒಂದನ್ನೊಂದು ತಳ್ಳುತ್ತವೆ.

ನ್ಯಾಯದ ಕಡೆ ‘ವಿಲೇವಾರಿ’ ಇದೆ. ತೀರ್ಪು ಬಂದ ಮೊಕದ್ದಮೆಯೂ ವಿಲೇವಾರಿ, ಕಕ್ಷಿದಾರ ಬಾರದೆ ವಜಾ ಆದದ್ದೂ ವಿಲೇವಾರಿ. ಕಸಕ್ಕೂ ಅದೇ ಪದ. ‘ಇತ್ಯರ್ಥ’ವೇ ಮೇಲು ಅನಿಸುತ್ತದೆ. ಶಾಲೆಯ ಮಾತಿಗೆ ‘ಫಲಿತಾಂಶ’ ಎಂದರೆ ಪರೀಕ್ಷೆಯಷ್ಟೇ ಆಗುತ್ತದೆ.

‘ಕಾರ್ಯಕ್ಷಮತೆ’ಯಲ್ಲೂ ಹೊಗಳಿಕೆ ಅಡಗಿದೆ. ‘ಕಾರ್ಯವೈಖರಿ’ ಮಾಡುವ ರೀತಿಯನ್ನು ಹೇಳುತ್ತದೆ, ಮಾಡಿದ್ದೆಷ್ಟು ಎಂಬುದನ್ನಲ್ಲ. ‘ನಿರ್ವಹಣೆ’ ಎಂದರೆ ಪಂಪ್‌ಸೆಟ್, ರಸ್ತೆ ನೆನಪಾಗುತ್ತವೆ. ಸದ್ಯಕ್ಕೆ ‘ಕಾರ್ಯನಿರ್ವಹಣೆ’ ಹಾಕಿಕೊಂಡಿದ್ದೇನೆ. ಅರ್ಥ ಸರಿ, ಆದರೆ ಪದ ಒಣಕಲು.

ನನ್ನ ಮನಸ್ಸು ಹೋಗಿ ನಿಂತಿರುವುದು ‘ಗೇಮೆ’ಯ ಮೇಲೆ, ಬರಹದಲ್ಲಿ ‘ಗೆಯ್ಮೆ’; ಅಂದರೆ ಹೊಲದ ಉಳುಮೆ, ದುಡಿಮೆ. ಅಜ್ಜ ಉತ್ತ ಹೊಲದ ಬದುವಿನ ಮೇಲೆ ನಿಂತು, ಹೆಂಟೆಯೊಂದನ್ನು ಕಾಲಲ್ಲಿ ಒಡೆದು ನೋಡಿ ‘ಗೇಮೆ ಸಾಲದು’ ಅನ್ನುತ್ತಿದ್ದರು. ಇನ್ನೊಂದು ವರ್ಷ ‘ಗೇಮೆ ಚೆನ್ನಾಗಿದೆ’. ಎರಡಕ್ಕೂ ಒಗ್ಗುವ ಪದ, ನೋಡಿ ಹೇಳಬೇಕಾದ ಪದ. ‘ವಸತಿ ಇಲಾಖೆಯ ಗೆಯ್ಮೆ’ ಎಂದರೆ ಓದುಗರಿಗೆ ಹತ್ತುತ್ತದೆಯೇ? ಉತ್ತರ ಕರ್ನಾಟಕ, ಕರಾವಳಿಯ ಕಡೆ ಈ ಪದ ಬಳಕೆಯಲ್ಲಿದೆಯೇ? ಇಲ್ಲದಿದ್ದರೆ ಅಲ್ಲಿ ಇದೇ ಅಳತೆಗೆ ಏನನ್ನುತ್ತೀರಿ?