ಅಪ್‌ಡೇಟ್: ಇಸಿಎಪಿ ಆದ 6061 ಅಲ್ಯೂಮಿನಿಯಂ ಏಜಿಂಗ್‌ನಲ್ಲಿ ಮೆತ್ತಗಾಗುತ್ತಿದ್ದ ಸಮಸ್ಯೆ ಬಗೆಹರಿಯಿತು

ಶಿವಮೊಗ್ಗದಿಂದ ನಾನು ಕೇಳಿದ್ದು ಇಷ್ಟು. 6061 (ಮೆಗ್ನೀಸಿಯಂ, ಸಿಲಿಕಾನ್ ಬೆರೆಸಿದ ಅಲ್ಯೂಮಿನಿಯಂ) ಸರಳನ್ನು ಎಲ್ ಆಕಾರದ ಡೈಯಲ್ಲಿ (ಅಚ್ಚಿನಲ್ಲಿ) ಒತ್ತಿದರೆ, ಅಂದರೆ ಇಸಿಎಪಿ ಮಾಡಿದರೆ, ಗಡಸುತನ ಚೆನ್ನಾಗಿ ಏರುತ್ತದೆ. ಆಮೇಲೆ 175 ಡಿಗ್ರಿಯಲ್ಲಿ 8 ಗಂಟೆ ಏಜಿಂಗ್ ಮಾಡಿದರೆ (ಗಟ್ಟಿಯಾಗಲೆಂದು ಬಿಸಿಯಲ್ಲಿಟ್ಟರೆ) ಇಳಿದುಬಿಡುತ್ತದೆ. ಯಾಕೆ?

ಕೊನೆಗೆ ಕೈಹಿಡಿದಿದ್ದು ಭದ್ರಾವತಿಯ ಹಿರಿಯರೊಬ್ಬರ ಸಲಹೆ: "ಟಿ6 ಲೆಕ್ಕ ಬಿಡಿ, ಬಿಸಿ ಇಳಿಸಿ." (ಟಿ6 ಅಂದರೆ ಕಾಯಿಸಿ, ನೀರಿಗೆ ಹಾಕಿ, ಆಮೇಲೆ ಏಜಿಂಗ್ ಮಾಡುವ ಮಾಮೂಲಿ ಕ್ರಮ.) 100 ಡಿಗ್ರಿಗೆ ಇಳಿಸಿ, ನಡುನಡುವೆ ತುಂಡು ತೆಗೆದು ವಿಕರ್ಸ್ ಗಡಸುತನ ನೋಡುತ್ತ ಹೋದೆ. ಒತ್ತಿದಾಗ ಇದ್ದದ್ದಕ್ಕಿಂತಲೂ ಮೇಲೇರಿತು! ವಜ್ರದ ಮೊನೆ ಬಿಟ್ಟ ಚೌಕದ ಗುರುತು ಪುಟ್ಟದಾಗಿದ್ದು ಮೈಕ್ರೋಸ್ಕೋಪಿನಲ್ಲಿ ನೋಡಿದ ಕೂಡಲೇ ಗೊತ್ತಾಯಿತು. ತುಂಬಾ ಥ್ಯಾಂಕ್ಸ್ ಸರ್.

ಒತ್ತಿದ ಲೋಹದೊಳಗೆ ಡಿಸ್‌ಲೊಕೇಶನ್‌ಗಳು (ಪರಮಾಣು ಸಾಲುಗಳಲ್ಲಿನ ದೋಷಗಳು) ಕಿಕ್ಕಿರಿದಿರುತ್ತವೆ. ಮೆಗ್ನೀಸಿಯಂ, ಸಿಲಿಕಾನ್ ಪರಮಾಣುಗಳಿಗೆ ಅವೇ ಓಡಾಡುವ ದಾರಿ, ಅವೇ ಸೇರುವ ಜಾಗ. ಹಾಗಾಗಿ ಗಟ್ಟಿತನ ಕೊಡುವ ಕಣಗಳು ಕಡಿಮೆ ಬಿಸಿಯಲ್ಲೇ ಹುಟ್ಟುತ್ತವೆ. 175ರಲ್ಲಿ ಆ ಕಣಗಳು ಬೇಗ ದಪ್ಪಗಾಗುತ್ತವೆ, ಡಿಸ್‌ಲೊಕೇಶನ್‌ಗಳೂ ಕಡಿಮೆಯಾಗುತ್ತವೆ. ಎರಡೂ ಕಡೆಯಿಂದ ನಷ್ಟ ಅಲ್ವಾ?

175ರಲ್ಲೇ ಸಮಯ ಕಡಿಮೆ ಮಾಡುವ ಸಲಹೆಯಿಂದ ಇಳಿಕೆ ತಗ್ಗಿತು, ಏರಿಕೆ ಸಿಗಲಿಲ್ಲ. ಮೊದಲು ಟಿ6 ಮಾಡಿ ಆಮೇಲೆ ಒತ್ತಿದಾಗ ಸರಳಿನ ಮೇಲ್ಭಾಗ ಬಿರುಕು ಬಿಟ್ಟಿತು. ಅದು ಬೇಡವೇ ಬೇಡ.

ಆಶ್ಚರ್ಯವಾದ ವಿಷಯ ಇನ್ನೊಂದು. ಒತ್ತುವ ಮೊದಲು ಸರಳನ್ನು 530 ಡಿಗ್ರಿಯಲ್ಲಿ ಕಾಯಿಸಿ, ತೆಗೆದು ನೀರಿಗೆ ಹಾಕಿದ ಮೇಲೆ ಸುಮ್ನೆ ಬೆಂಚಿನ ಮೇಲಿಟ್ಟರೂ 6061 ತಾನಾಗಿಯೇ ಗಟ್ಟಿಯಾಗುತ್ತಾ ಹೋಗುತ್ತದೆ. ಆದಷ್ಟು ಬೇಗ ಒತ್ತಿಬಿಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ನಂಬುವ ಹಾಗಿಲ್ಲ, ಪ್ರೆಸ್ ನಿಂತುಹೋದರೆ ಸರಳನ್ನು ಫ್ರೀಜರಿಗೆ ಹಾಕಿಡಿ.