ಕರ್ಣಭೇದನದ ಕರ್ಣನಿಗೆ ಹೆದರಿಕೆ ಯಾವುದರದ್ದು?

ಬದಿಯಡ್ಕದವ:
ಆಟಿ ತಿಂಗಳಲ್ಲಿ (ತುಳುನಾಡಿನ ಮಳೆಗಾಲದ ತಿಂಗಳು) ನಮ್ಮೂರ ದೇವಸ್ಥಾನದಲ್ಲಿ ತಾಳಮದ್ದಳೆ ಇದೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಪ್ರಸಂಗ ಕರ್ಣಭೇದನ, ಯುದ್ಧಕ್ಕೆ ಮೊದಲು ಕೃಷ್ಣ ಕರ್ಣನನ್ನು ಪಾಂಡವರ ಕಡೆಗೆ ಕರೆಯುವ ಕಥೆ. ನನಗೆ ಕರ್ಣನ ಅರ್ಥ, ಅಂದರೆ ಅವನ ಪಾತ್ರದ ಮಾತು. ನಾನು ಕೇಳಿದ ಕರ್ಣರೆಲ್ಲ ಅಳುವುದೇ ಜಾಸ್ತಿ. ತಾಯಿ ಬಿಟ್ಟಳು, ಸೂತನೆಂದು ಹೀಯಾಳಿಸಿದರು, ಇಷ್ಟರಲ್ಲೇ ಅರ್ಧ ಗಂಟೆ ಹೋಗುತ್ತದೆ. ನನಗೆ ಹಾಗೆ ಬೇಡ. ನೀನು ಕುಂತಿಯ ಹಿರಿಮಗ, ಪಟ್ಟ ನಿನಗೇ ಎಂದು ಕೃಷ್ಣ ಹೇಳಿದರೂ ಇವನು ಒಪ್ಪುವುದಿಲ್ಲ, ಅದೂ ತನ್ನ ಕಡೆ ಸೋಲುತ್ತದೆ ಎಂದು ಗೊತ್ತಿದ್ದು. ಇದು ದುರ್ಯೋಧನನ ಋಣಕ್ಕಾ, ಹೆಸರಿನ ಆಸೆಗಾ, ಇಲ್ಲ ಬದುಕೇ ಸಾಕಾಗಿತ್ತಾ? ಅರ್ಥ ಹೇಳುವವರು, ಕೇಳುವವರು ಯಾರಾದರೂ ಹೇಳಿ.

ಕುಂಬಳೆ ಸೀಮೆ:
ಋಣ ಇದ್ದೇ ಇದೆ, ಆದರೆ ಅಲ್ಲೇ ನಿಲ್ಲಬೇಡಿ. ವನಪರ್ವದ ಕೊನೆಗೆ ಸೂರ್ಯ ಕನಸಿನಲ್ಲಿ ಬಂದು, ಇಂದ್ರ ಬ್ರಾಹ್ಮಣನಾಗಿ ಬರುತ್ತಾನೆ, ಕವಚ ಕುಂಡಲ ಕೊಟ್ಟರೆ ಆಯುಷ್ಯ ಮುಗಿಯಿತು ಎನ್ನುತ್ತಾನೆ. ಸತ್ತವನಿಗೆ ಕೀರ್ತಿ ಹೆಣಕ್ಕೆ ಹಾಕಿದ ಮಾಲೆ ಎಂದೂ ಹೇಳುತ್ತಾನೆ. ಕರ್ಣ ಕೇಳುವುದಿಲ್ಲ. ಜೀವ ಹೋದರೂ ಸರಿ, ಹೆಸರು ಬೇಕು ಅವನಿಗೆ. ನಿಮ್ಮ ಪೀಠಿಕೆಗೆ ಇಷ್ಟು ಸಾಕು.

ಸುಮ್ನೆ ಕೇಳುಗ:
ಮಾತೇನೋ ದೊಡ್ಡದು ಮಾರಾಯ್ರೇ, ಆದರೆ ಅದೇ ವನಪರ್ವದಲ್ಲಿ, ಕೌರವರು ದನ ನೋಡುವ ನೆಪದಲ್ಲಿ ಕಾಡಿಗೆ ಹೋದ ಘೋಷಯಾತ್ರೆಯೂ ಇದೆಯಲ್ಲ! ಗಂಧರ್ವರು ರಥ ಪುಡಿ ಮಾಡಿದಾಗ ದುರ್ಯೋಧನನ ತಮ್ಮ ವಿಕರ್ಣನ ರಥ ಹತ್ತಿ ಓಡಿದವನು ಯಾರು? ಆಗ ಕವಚ ಮೈಮೇಲೇ ಇತ್ತು. ದುರ್ಯೋಧನ ಸೆರೆಯಾದ, ಬಿಡಿಸಿದ್ದು ಪಾಂಡವರು. ವಿರಾಟನ ಗೋಗ್ರಹಣದಲ್ಲೂ ಅರ್ಜುನನೆದುರು ಹಿಂದೆ ಸರಿದ. ಕವಚವನ್ನೂ ಬರೀ ದಾನ ಮಾಡಲಿಲ್ಲ, ಬದಲಿಗೆ ಶಕ್ತ್ಯಾಯುಧ ಕೇಳಿ ಪಡೆದ. ಕೃಷ್ಣನ ಅರ್ಥಧಾರಿ ಇದನ್ನು ಹಿಡಿದರೆ ಏನು ಹೇಳುತ್ತೀರಿ?

ಮುಳ್ಳೇರಿಯ ಮಾವ:
ಅದೇ ಅಲ್ವಾ ಸ್ವಾರಸ್ಯ. ಓಡಿದ್ದು ಕರ್ಣನಿಗೂ ಗೊತ್ತು, ಭೀಷ್ಮ ಅದನ್ನೇ ಸಭೆಯಲ್ಲಿ ಎತ್ತಿ ಚುಚ್ಚುತ್ತಾನೆ. ಹಾಗಿರುವಾಗ ಯುದ್ಧದ ಹೊಸ್ತಿಲಲ್ಲಿ ಪಕ್ಷ ಬದಲಿಸಿದರೆ ಜನ ಏನೆಂದಾರು? ಆಮೇಲೆ ಕುಂತಿ ಬಂದಾಗ ಅವನು ಕೇಳುವುದು ಇದನ್ನೇ: ಈಗ ಬಂದರೆ ಹೆದರಿ ಬಂದ ಎನ್ನುವುದಿಲ್ಲವೇ? ಕೃಷ್ಣನ ಹತ್ತಿರವೂ ಅಷ್ಟೇ, ಅರ್ಜುನನೂ ತಾನೂ ಎದುರಾಗದಿದ್ದರೆ ಇಬ್ಬರಿಗೂ ಅಪಕೀರ್ತಿ ಎನ್ನುತ್ತಾನೆ. ಸಾವಿನ ಬಗ್ಗೆ ಮಾತ್ರ ಅವನ ದನಿ ನಡುಗುವುದಿಲ್ಲ. ಯುದ್ಧವನ್ನು ಯಜ್ಞ ಅಂತ ಬಣ್ಣಿಸುತ್ತಾ ಅರ್ಜುನನ ಕೈಯಲ್ಲಿ ತಾನು ಸಾಯುವುದನ್ನೂ ಅದರ ಒಂದು ವಿಧಿಯಾಗಿ ಲೆಕ್ಕ ಹಾಕಿಬಿಡುತ್ತಾನೆ, ಧರ್ಮರಾಯ ಸಾವಿರ ಕಂಬದ ಅರಮನೆ ಹತ್ತುವ ಕನಸು ಕಂಡದ್ದನ್ನೂ ಹೇಳುತ್ತಾನೆ. ನೀವು ಇದನ್ನು ತಣ್ಣಗೆ ಹೇಳಿ, ಹಾಡುವ ಭಾಗವತರು ಮುಂದಿನ ಪದ ಎತ್ತುವವರೆಗೆ ಸಭೆ ಅಲ್ಲಾಡುವುದಿಲ್ಲ.

ಗಂಟಲು ಕಟ್ಟಲೇಬೇಕಾದರೆ ಜಾಗ ಬೇರೆ ಇದೆ. ನನ್ನ ಹುಟ್ಟಿನ ಸಂಗತಿ ಧರ್ಮರಾಯನಿಗೆ ಹೇಳಬೇಡ, ತಿಳಿದರೆ ಅವನು ರಾಜ್ಯ ಇಟ್ಟುಕೊಳ್ಳುವುದಿಲ್ಲ, ನನಗೆ ಸಿಕ್ಕಿದರೆ ನಾನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ ಎನ್ನುವ ಮಾತು ಬರುತ್ತದಲ್ಲ, ಅಲ್ಲಿ. ಹೆಸರಿಗಾಗಿ ಜೀವ ಬಿಡುವವನು ತನ್ನ ಎಲ್ಲಕ್ಕಿಂತ ದೊಡ್ಡ ಹೆಸರನ್ನು ಮುಚ್ಚಿಡು ಎನ್ನುತ್ತಿದ್ದಾನೆ.

ಸುಮ್ನೆ ಕೇಳುಗ:
ಇದು ಒಪ್ಪಿದೆ. ಬದುಕು ಸಾಕಾಗಿತ್ತು ಅನ್ನುವುದನ್ನು ಮಾತ್ರ ಬಿಡಿ. ಯುದ್ಧದ 17ನೆಯ ದಿನ ರಥದ ಚಕ್ರ ಹೂತಾಗ, ಸ್ವಲ್ಪ ತಾಳು, ಧರ್ಮ ನೋಡು ಎಂದು ಅರ್ಜುನನನ್ನು ಕೇಳುತ್ತಾನಲ್ಲ. ಸಾಯಲು ಹೊರಟವನು ಸಮಯ ಕೇಳುತ್ತಾನಾ?

ಬದಿಯಡ್ಕದವ:
ಥ್ಯಾಂಕ್ಸ್ ಎಲ್ಲರಿಗೂ. ಘೋಷಯಾತ್ರೆಯನ್ನು ಕೃಷ್ಣ ಎತ್ತುವ ಮೊದಲು ನಾನೇ ಎತ್ತುತ್ತೇನೆ. ಕೃಷ್ಣನ ಅರ್ಥ ನಮ್ಮ ಶಾಲೆಯ ಮೇಷ್ಟ್ರದ್ದು, ಅವರೂ ಇದನ್ನು ಓದುತ್ತಿಲ್ಲ ಅಂದುಕೊಳ್ಳುತ್ತೇನೆ.