ಗೇಮ್ ಹಾಕಿದ ಹತ್ತು ನಿಮಿಷಕ್ಕೆ ಪಿಸಿ ರೀಸ್ಟಾರ್ಟ್, ಬ್ಲೂ ಸ್ಕ್ರೀನೂ ಇಲ್ಲ, ಹೀಟೂ ಇಲ್ಲ

ಪ್ರಶ್ನೆ

ರೈಜನ್ 5 5600 ಸಿಪಿಯು, ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್, 16 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ (3600, ರ‍್ಯಾಮ್ ವೇಗ ಏರಿಸೋ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್), 650 ವ್ಯಾಟ್ ಪವರ್ ಸಪ್ಲೈ, ವಿಂಡೋಸ್ 11. ಬ್ರೌಸಿಂಗ್, ವಿಡಿಯೊಗೆಲ್ಲ ದಿನವಿಡೀ ಆರಾಮಾಗಿ ಓಡುತ್ತೆ. ಗೇಮ್ ಹಾಕಿದರೆ ಹತ್ತು-ಹದಿನೈದು ನಿಮಿಷಕ್ಕೆ ಪರದೆ ಕಪ್ಪಾಗಿ ತಾನಾಗೇ ರೀಸ್ಟಾರ್ಟ್. ಸಿಪಿಯು 70, ಜಿಪಿಯು 74 ಡಿಗ್ರಿ ದಾಟಿಲ್ಲ. ಡ್ರೈವರ್ ಪೂರ್ತಿ ತೆಗೆದು ಹೊಸದು ಹಾಕಿದ್ದಾಯ್ತು, ವಿಂಡೋಸ್ ಕೂಡ ಮತ್ತೆ ಹಾಕಿದ್ದಾಯ್ತು. ವಿಂಡೋಸ್‌ನ ಲಾಗ್ ತೋರಿಸೋ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತಷ್ಟೇ ಇದೆ. ಮದರ್‌ಬೋರ್ಡ್ ಬದಲಿಸಬೇಕಾ?

ಉತ್ತರ 1

ಬೋರ್ಡ್ ತಂಟೆಗೆ ಈಗಲೇ ಹೋಗಬೇಡಿ ಸರ್. 41 ಅನ್ನೋದು ಕಾರಣ ಅಲ್ಲ. ಮತ್ತೆ ಆನ್ ಆದಮೇಲೆ ವಿಂಡೋಸ್ "ಹೋದ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ" ಅಂತ ಬರೆದಿಡೋ ಸಾಲು, ಅಷ್ಟೇ. ಅದರ ಡೀಟೇಲ್ಸ್ ಟ್ಯಾಬ್‌ನಲ್ಲಿ ಬಗ್‌ಚೆಕ್‌ಕೋಡ್ (ಬ್ಲೂ ಸ್ಕ್ರೀನ್‌ನ ಎರರ್ ಸಂಖ್ಯೆ) ಎಷ್ಟಿದೆ ನೋಡಿ. 0 ಇದ್ದರೆ ಬ್ಲೂ ಸ್ಕ್ರೀನ್ ದಾಖಲಾಗುವ ಮೊದಲೇ ಕರೆಂಟ್ ಹೋಗಿದೆ ಅಥವಾ ರೀಸೆಟ್ ಆಗಿದೆ ಅಂತ ಹಿಡಿಯಬಹುದು. ಬೇರೆ ಸಂಖ್ಯೆ ಇದ್ದರೆ ವಿಂಡೋಸ್ ಫೋಲ್ಡರ್ ಒಳಗಿನ ಮಿನಿಡಂಪ್ (ಕ್ರ್ಯಾಶ್ ವಿವರ ಉಳಿಸೋ ಫೈಲ್) ನೋಡಬೇಕು. ಅದೇ ಹೊತ್ತಿಗೆ ಹಾರ್ಡ್‌ವೇರ್ ದೋಷ ದಾಖಲಿಸೋ ಡಬ್ಲ್ಯೂಎಚ್‌ಇಎ-ಲಾಗರ್ 18 ಕೂಡ ಬಿದ್ದಿದ್ದರೆ ಅನುಮಾನ ಸಿಪಿಯು ಕಡೆಗೆ. ಬಯಾಸ್‌ನಲ್ಲಿ ಸಿಪಿಯು ವೋಲ್ಟೇಜ್ ಇಳಿಸೋ ಕರ್ವ್ ಆಪ್ಟಿಮೈಜರ್‌ನಲ್ಲಿ ನೆಗೆಟಿವ್ ಏನಾದರೂ ಹಾಕಿದ್ದರೆ ಮೊದಲು ತೆಗೆಯಿರಿ.

ನೀವು ಹೇಳಿದ ಲಕ್ಷಣಕ್ಕೆ ನನ್ನ ಅನುಮಾನ ಪವರ್ ಸಪ್ಲೈ ಮೇಲೇ. ಲೆಕ್ಕ ಹಾಕಿದರೆ ಕಾರ್ಡ್‌ಗೆ 320, ಸಿಪಿಯುಗೆ ಹೆಚ್ಚೆಂದರೆ 76, ಫ್ಯಾನು, ಡ್ರೈವು, ಬೋರ್ಡ್ ಸೇರಿ ಇನ್ನೊಂದು 60. ಒಟ್ಟು 460ರ ಹತ್ತಿರ, 650 ಸಾಲುತ್ತೆ ಅನಿಸುತ್ತೆ. ತೊಂದರೆ ಇರೋದು ಸರಾಸರಿಯಲ್ಲಲ್ಲ. 3080 ಕೆಲವು ಮಿಲಿಸೆಕೆಂಡ್ ಮಟ್ಟಿಗೆ 320ಕ್ಕಿಂತ ತುಂಬಾ ಮೇಲಕ್ಕೆ ಜಿಗಿಯುತ್ತೆ. ಆ ಜಿಗಿತಕ್ಕೆ ಪವರ್ ಸಪ್ಲೈನ ರಕ್ಷಣಾ ಸರ್ಕ್ಯೂಟ್ ಟ್ರಿಪ್ ಆಗಬಹುದು, ಇಲ್ಲವೇ 12 ವೋಲ್ಟ್ ಕುಸಿದು ಬೋರ್ಡ್ ರೀಸೆಟ್ ಆಗಬಹುದು. ಎನ್‌ವಿಡಿಯಾ ಈ ಕಾರ್ಡ್‌ಗೆ 750 ವ್ಯಾಟ್ ಹೇಳಿರೋದು ಸುಮ್ಮನೆ ಅಲ್ಲ. ಗ್ರಾಫಿಕ್ಸ್ ಕಾರ್ಡ್‌ಗೆ ಹೊರೆ ಹಾಕಿ ಪರೀಕ್ಷಿಸೋ ಫರ್‌ಮಾರ್ಕ್ ಗಂಟೆಗಟ್ಟಲೆ ಓಡಿತು ಅಂತ ಪವರ್ ಸಪ್ಲೈಗೆ ಸರ್ಟಿಫಿಕೇಟ್ ಕೊಡಬೇಡಿ, ಅದರ ಹೊರೆ ಒಂದೇ ಸಮನಾಗಿರುತ್ತೆ. ಗೇಮ್‌ನ ಹೊರೆ ಏರಿಳಿಯುತ್ತಲೇ ಇರುತ್ತೆ.

ದುಡ್ಡು ಖರ್ಚಿಲ್ಲದ ಪರೀಕ್ಷೆ: ಕಾರ್ಡ್ ಸೆಟ್ಟಿಂಗ್ ಬದಲಿಸೋ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನಲ್ಲಿ ಪವರ್ ಲಿಮಿಟ್ ಶೇ. 70ಕ್ಕೆ ಇಳಿಸಿ, ಎಫ್‌ಪಿಎಸ್ (ಸೆಕೆಂಡಿಗೆ ಫ್ರೇಮ್) 60ಕ್ಕೆ ಕಟ್ಟಿಹಾಕಿ, ಯಾವಾಗಲೂ ಕೈಕೊಡೋ ಗೇಮನ್ನೇ ಎರಡು ಗಂಟೆ ಆಡಿ. ಹಾಗೇ, ಕಾರ್ಡ್‌ನ ಎರಡು 8-ಪಿನ್‌ಗಳಿಗೂ ಒಂದೇ ಕೇಬಲ್‌ನ ಕವಲು ಹಾಕಿದ್ದೀರಾ?

ಉತ್ತರ 2

ರ‍್ಯಾಮ್ ಮರೆಯಬೇಡಿ. ಎಕ್ಸ್‌ಎಂಪಿ ಅಂದರೆ ಓವರ್‌ಕ್ಲಾಕೇ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸೋದು), ಡಬ್ಬದ ಮೇಲೆ 3600 ಅಂತ ಇದ್ದ ಮಾತ್ರಕ್ಕೆ ನಿಮ್ಮ ಬೋರ್ಡ್, ಸಿಪಿಯು ಜೊತೆ ಅದು ನಿಂತೇ ನಿಲ್ಲುತ್ತೆ ಅಂತಿಲ್ಲ. ಎರಡೂ ಕಡ್ಡಿ ಸಿಪಿಯುನಿಂದ ಎಣಿಸಿದರೆ 2 ಮತ್ತು 4ನೇ ಸ್ಲಾಟ್‌ನಲ್ಲಿರಲಿ. ರ‍್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್86 ಪೆನ್‌ಡ್ರೈವ್‌ಗೆ ಹಾಕಿ ನಾಲ್ಕು ಪಾಸ್ (ಸುತ್ತು) ಓಡಿಸಿ. ಒಂದೇ ಒಂದು ಎರರ್ ಬಂದರೂ ಫೇಲ್ ಅಂತಲೇ ಲೆಕ್ಕ, "ಒಂದೇ ತಾನೇ" ಅನ್ನೋ ಮಾತಿಲ್ಲ. ಎರರ್ ಬಂದರೆ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಓಡಿಸಿ. ಆಗಲೂ ಬಂದರೆ ಒಂದೊಂದೇ ಕಡ್ಡಿ ಹಾಕಿ ನೋಡಿ. ಆದರೆ ರ‍್ಯಾಮ್ ಕೆಟ್ಟಾಗ ಸಾಮಾನ್ಯವಾಗಿ ಗೇಮ್ ಮಾತ್ರ ಮುಚ್ಚಿಕೊಳ್ಳೋದು, ಪ್ರತಿ ಸಲ ಬೇರೆ ಬೇರೆ ಕೋಡ್‌ನ ಬ್ಲೂ ಸ್ಕ್ರೀನ್ ಬರೋದು ಜಾಸ್ತಿ.

ಪ್ರಶ್ನೆ ಕೇಳಿದವರು

ಬಗ್‌ಚೆಕ್‌ಕೋಡ್ 0. ಡಬ್ಲ್ಯೂಎಚ್‌ಇಎ-ಲಾಗರ್ 18 ಎಲ್ಲೂ ಇಲ್ಲ. ಮೆಮ್‌ಟೆಸ್ಟ್ ನಾಲ್ಕು ಪಾಸ್, ಎರರ್ ಸೊನ್ನೆ. ಪವರ್ ಲಿಮಿಟ್ 70ರಲ್ಲಿ ಎರಡೂವರೆ ಗಂಟೆ ಏನೂ ಆಗಲಿಲ್ಲ. ಹೌದು, ಕವಲು ಕೇಬಲ್ಲೇ ಇತ್ತು. ಈಗ ಎರಡು ಬೇರೆ ಕೇಬಲ್ ಹಾಕಿ ಲಿಮಿಟ್ 100ಕ್ಕೆ ತಂದೆ. ಐವತ್ತು ನಿಮಿಷ ಓಡಿ ಮತ್ತೆ ರೀಸ್ಟಾರ್ಟ್.

ಉತ್ತರ 1

ಹಾಗಾದರೆ ಕೇಬಲ್ಲೂ ಒಂದು ಪಾಲುದಾರ, ಮುಖ್ಯ ಆರೋಪಿ ಪವರ್ ಸಪ್ಲೈ. 8-ಪಿನ್ ಕನೆಕ್ಟರ್ ಒಂದಕ್ಕೆ ನಿಗದಿ 150 ವ್ಯಾಟ್. ಕಾರ್ಡ್‌ನ 320ರಲ್ಲಿ ಬೋರ್ಡ್ ಸ್ಲಾಟ್‌ನಿಂದ ಗರಿಷ್ಠ 75 ಬಂದರೂ ಉಳಿದ 245 ಆ ಒಂದೇ ಕೇಬಲ್‌ನಲ್ಲಿ, ಅಂದರೆ ಸುಮಾರು 20 ಆಂಪಿಯರ್ ಹರಿಯುತ್ತಿತ್ತು. ತಂತಿಯಲ್ಲೇ ವೋಲ್ಟೇಜ್ ಇಳಿಯುತ್ತೆ.

ಆದರೆ ಸಾಫ್ಟ್‌ವೇರ್‌ನಲ್ಲಿ ಕಾಣೋ 12 ವೋಲ್ಟ್ ರೀಡಿಂಗ್ ನಂಬಬೇಡಿ, ಮಿಲಿಸೆಕೆಂಡ್ ಕುಸಿತ ಅದಕ್ಕೆ ಸಿಗಲ್ಲ. ಸ್ನೇಹಿತರ ಹತ್ತಿರ 850 ವ್ಯಾಟ್‌ನದು ಇದ್ದರೆ ಒಂದು ದಿನ ಎರವಲು ತಂದು ಹಾಕಿ ನೋಡಿ, ಆಮೇಲೆ ಕೊಳ್ಳಿ. ಅಲ್ಲಿವರೆಗೆ 1800 ಮೆಗಾಹರ್ಟ್ಸ್‌ಗೆ 850 ಮಿಲಿವೋಲ್ಟ್ ಸುತ್ತಮುತ್ತ ಕಾರ್ಡನ್ನ ಅಂಡರ್‌ವೋಲ್ಟ್ ಮಾಡಿದರೆ (ವೋಲ್ಟೇಜ್ ಇಳಿಸಿದರೆ) ಎಫ್‌ಪಿಎಸ್ ಅಷ್ಟಾಗಿ ಕಳೆದುಕೊಳ್ಳದೆ ಆಡಬಹುದು. ಗೇಮ್ ಮುಚ್ಚಿಕೊಂಡರೆ 25 ಮಿಲಿವೋಲ್ಟ್ ಏರಿಸಿ.

ಒಂದು ಎಚ್ಚರಿಕೆ. ಬದಲಿಸುವಾಗ ಹಳೆಯ ಮಾಡ್ಯುಲರ್ (ಪವರ್ ಸಪ್ಲೈನಿಂದ ಬಿಚ್ಚಬಹುದಾದ) ಕೇಬಲ್‌ಗಳನ್ನ ಕೇಸ್ ಒಳಗೇ ಬಿಟ್ಟು ಹೊಸ ಪವರ್ ಸಪ್ಲೈಗೆ ಚುಚ್ಚಬೇಡಿ. ಕಾರ್ಡ್ ಕಡೆಯ ಪಿನ್ ಒಂದೇ ಥರ ಇದ್ದರೂ ಪವರ್ ಸಪ್ಲೈ ಕಡೆಯದು ಕಂಪನಿಗೊಂದು, ಕೆಲವೊಮ್ಮೆ ಅದೇ ಕಂಪನಿಯ ಮಾಡೆಲ್‌ಗೊಂದು ಥರ ಇರುತ್ತೆ. ಡ್ರೈವ್‌ಗೆ ಪವರ್ ಕೊಡೋ ಸಾಟಾ ಕೇಬಲ್ ಅದಲುಬದಲಾದರೆ 5 ವೋಲ್ಟ್ ಬರಬೇಕಾದಲ್ಲಿ 12 ಬಂದು ಡ್ರೈವ್ ಸುಟ್ಟೇ ಹೋಗಬಹುದು. ಹೊಸದರ ಜೊತೆ ಬಂದ ಕೇಬಲ್‌ಗಳನ್ನೇ ಪೂರ್ತಿ ಎಳೆಯಿರಿ, ಬೇಜಾರಿನ ಕೆಲಸ ಆದರೂ.